ಕಿರುಚಿದ್ದು ಬೆಲ್ಟ್, ಸೋರಿದ್ದು ಪಂಪ್

ಮಲೆನಾಡಿನ ಮಳೆಗಾಲದಲ್ಲಿ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಎಂಜಿನ್ನಿನ ಬೆಲ್ಟ್ ಒಂದೆರಡು ಸೆಕೆಂಡ್ ಕೀಂಯ್ ಅಂದು ಸುಮ್ಮನಾದರೆ ಅದನ್ನು ದೊಡ್ಡದು ಮಾಡಬೇಕಿಲ್ಲ. ರಾತ್ರಿಯಿಡೀ ಥಂಡಿ ಹಿಡಿದ ರಬ್ಬರು, ಬೆಲ್ಟ್ ಸುತ್ತುವ ಗಾಲಿ ಅಂದರೆ ಪುಲ್ಲಿಯ ಮೇಲಿನ ತೇವ, ಸೆಲ್ಫ್ ಹೊಡೆದು ಬಳಲಿದ ಬ್ಯಾಟರಿಗೆ ಆಲ್ಟರ್ನೇಟರ್ ಒಮ್ಮೆಗೇ ಕರೆಂಟ್ ತುಂಬಬೇಕಾದ ಒತ್ತಡ, ಇಷ್ಟು ಸೇರಿದರೆ ಬೆಲ್ಟ್ ಕ್ಷಣಕಾಲ ಜಾರುತ್ತದೆ. ಸಾಗರದಲ್ಲಿ ಜುಲೈ ತಿಂಗಳ ಒಂದು ಬೆಳಿಗ್ಗೆ ಗ್ಯಾರೇಜಿಗೆ ಬಂದ ಕಾರಿನದು ಹಾಗಲ್ಲ. ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್, 80,000 ಕಿ.ಮೀ. ದಾಟಿತ್ತು. ಸ್ಟಾರ್ಟ್ ಆದ ಮೇಲೆ ಐದಾರು ನಿಮಿಷ ಬಿಡದೆ ಕಿರುಚುತ್ತಿತ್ತು. ಬೆಲ್ಟ್ ಹೊಸದು, ಮೇ ತಿಂಗಳಲ್ಲಷ್ಟೇ ಹಾಕಿಸಿದ್ದು. ಮತ್ತೆ ಸದ್ದು ಬಂದಾಗ ಇನ್ನೊಂದು ಗ್ಯಾರೇಜಿನಲ್ಲಿ ಬಿಗಿ ಮಾಡಿಸಿದ್ದರು. ಕೆಲವು ದಿನ ಸುಮ್ಮನಿದ್ದು ಮತ್ತೆ ಶುರು. ಆಮೇಲೆ ಬೆಲ್ಟಿಗೆ ಸ್ಪ್ರೇ ಹೊಡೆಸಿದ್ದೂ ಆಗಿತ್ತು. "ಇನ್ನೊಂದು ಒಳ್ಳೆ ಕಂಪನಿ ಬೆಲ್ಟ್ ಹಾಕಿಬಿಡಿ ಮಾರಾಯ್ರೆ" ಎಂಬುದು ಮಾಲೀಕರ ಬೇಡಿಕೆ.

ಬೆಲ್ಟ್ ತರುವ ಮೊದಲು ಕಿವಿಗೆ ಕೆಲಸ ಕೊಡಬೇಕು. ನಿಂತಲ್ಲೇ, ನ್ಯೂಟ್ರಲ್‌ನಲ್ಲಿ ಸದ್ದು ಬರುತ್ತಿದೆ ಎಂದರೆ ಬ್ರೇಕ್ ಪ್ಯಾಡು, ವೀಲ್ ಬೇರಿಂಗು ಲೆಕ್ಕದಿಂದ ಹೊರಗೆ. ಉದ್ದಕ್ಕೆ ಎಳೆದಂತೆ ಕಿರುಚುವುದು ಬೆಲ್ಟ್ ಜಾರುವ ಸದ್ದು. ಚಿಕ್ ಚಿಕ್ ಚಿಕ್ ಎಂದು ತಾಳಕ್ಕೆ ಸರಿಯಾಗಿ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ ಎಂಬ ಅನುಮಾನ. ಗರಗರ ಅಂದರೆ ಬೇರಿಂಗ್. ಈ ಕಾರಿನದು ಮೊದಲನೆಯ ಜಾತಿ.

ಯಾವ ಬೆಲ್ಟ್ ಎಂದು ತಿಳಿಯಲು ಒಂದೊಂದಾಗಿ ಭಾರ ಹೇರಿ ನೋಡುವುದು. ಈ ಎಂಜಿನ್‌ನಲ್ಲಿ ಎರಡು ಬೆಲ್ಟ್: ಒಂದು ಆಲ್ಟರ್ನೇಟರ್ ಮತ್ತು ಎಂಜಿನ್ ತಣ್ಣಗಿಡುವ ದ್ರವವನ್ನು ಸುತ್ತಿಸುವ ವಾಟರ್ ಪಂಪಿನದು, ಇನ್ನೊಂದು ಎಸಿ ಕಂಪ್ರೆಸರ್ ಮತ್ತು ಪವರ್ ಸ್ಟೀರಿಂಗಿನದು. ಎಸಿ ಹಾಕಿದರೆ ಸದ್ದಿನಲ್ಲಿ ವ್ಯತ್ಯಾಸವಿಲ್ಲ. ಸ್ಟೀರಿಂಗ್ ಪೂರ್ತಿ ಕಡೆಗೆ ತಿರುಗಿಸಿ ಹಿಡಿದರೂ ಇಲ್ಲ. ಹೆಡ್‌ಲೈಟ್, ಬ್ಲೋವರ್, ಹಿಂದಿನ ಗಾಜಿನ ಡಿಫಾಗರ್ ಒಟ್ಟಿಗೆ ಹಾಕಿದಾಗ ಮಾತ್ರ ಕಿರುಚಾಟ ಏರಿತು. ಅಲ್ಲಿಗೆ ಆಲ್ಟರ್ನೇಟರ್ ಬೆಲ್ಟ್ ಎಂಬುದು ಖಚಿತ. ಆಲ್ಟರ್ನೇಟರ್ ಪುಲ್ಲಿ ಎಲ್ಲಕ್ಕಿಂತ ಸಣ್ಣದು, ಬೆಲ್ಟ್ ಅದನ್ನು ತಬ್ಬುವ ಜಾಗವೂ ಕಡಿಮೆ. ಜಾರುವುದು ಮೊದಲು ಅಲ್ಲೇ.

ಮುಂದಿನದು ನೀರಿನ ಪರೀಕ್ಷೆ. ಇಸ್ತ್ರಿ ಮಾಡುವಾಗ ಬಳಸುವ ಸ್ಪ್ರೇ ಬಾಟಲಿ ಸಾಕು. ಎಂಜಿನ್ ಓಡುತ್ತಿರುವಾಗ ಬೆಲ್ಟಿನ ಗೆರೆಯಿರುವ ಮೈಗೆ ಎರಡು ಸಲ ಚಿಮುಕಿಸಬೇಕು. ಕೈ ದೂರವಿರಲಿ. ದುಪಟ್ಟಾ, ಸೆರಗು, ಜೋತಾಡುವ ಐಡಿ ಕಾರ್ಡಿನ ದಾರ ಯಾವುದೂ ಹತ್ತಿರ ಬರಬಾರದು. ನೀರು ಬಿದ್ದ ತಕ್ಷಣ ಸದ್ದು ನಿಂತು ಸ್ವಲ್ಪ ಹೊತ್ತಿಗೆ ಮರಳಿದರೆ ಪುಲ್ಲಿ ಸಾಲು ತಪ್ಪಿದೆ ಎಂದು ಅರ್ಥ. ನೀರು ಬಿದ್ದಾಗ ಇನ್ನೂ ಜೋರಾದರೆ ಬೆಲ್ಟಿಗೆ ಹಿಡಿತವಿಲ್ಲ. ಇಲ್ಲಿ ಬೀದಿಯವರು ತಿರುಗಿ ನೋಡುವಷ್ಟು ಜೋರಾಯಿತು.

ಹಿಡಿತವಿಲ್ಲ ಎಂದರೆ ಸಡಿಲ ಎಂದುಕೊಳ್ಳುವುದು ಸಹಜ. ಎಂಜಿನ್ ಆಫ್ ಮಾಡಿ, ಕೀ ತೆಗೆದು (ರೇಡಿಯೇಟರ್ ಫ್ಯಾನ್ ಎಂಜಿನ್ ನಿಂತ ಮೇಲೂ ತಾನಾಗಿ ತಿರುಗಬಹುದು), ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ 4 ಮಿ.ಮೀ. ಕೂಡ ಬಗ್ಗಲಿಲ್ಲ. ಇಂಥ ಬೆಲ್ಟಿಗೆ ಸುಮಾರು 10 ಕೆ.ಜಿ. ಒತ್ತಡದಲ್ಲಿ 8ರಿಂದ 10 ಮಿ.ಮೀ. ಬಗ್ಗಬೇಕು. ಅಂದರೆ ಅಗತ್ಯಕ್ಕಿಂತ ಎರಡು ಪಟ್ಟು ಬಿಗಿ. ಇಷ್ಟು ಬಿಗಿಯಿದ್ದೂ ಜಾರುತ್ತಿದೆ. ಇಂಥಲ್ಲಿ ಬೆಲ್ಟ್ ಮತ್ತು ಪುಲ್ಲಿಯ ನಡುವೆ ಇನ್ನೇನೋ ಸೇರಿಕೊಂಡಿರಲೇಬೇಕು: ಎಣ್ಣೆ, ಕೂಲಂಟ್ (ಎಂಜಿನ್ ತಣ್ಣಗಿಡುವ ಆ ದ್ರವ), ಇಲ್ಲವೇ ಯಾರೋ ಹೊಡೆದ ಸ್ಪ್ರೇ.

ಬೆಲ್ಟ್ ಬಿಚ್ಚುವ ಮೊದಲು ಮಾಡಬೇಕಾದ ಸಣ್ಣ ಕೆಲಸವೊಂದಿದೆ, ಮರೆತರೆ ಅರ್ಧ ಗಂಟೆ ದಂಡ. ವಾಟರ್ ಪಂಪ್ ಪುಲ್ಲಿಯ ನಾಲ್ಕು 10 ಎಂಎಂ ಬೋಲ್ಟ್‌ಗಳನ್ನು ಬೆಲ್ಟ್ ಬಿಗಿಯಾಗಿರುವಾಗಲೇ ಕಾಲು ಸುತ್ತು ಸಡಿಲಿಸಿಡಬೇಕು. ಬೆಲ್ಟ್ ತೆಗೆದ ಮೇಲೆ ಪುಲ್ಲಿಯನ್ನು ಹಿಡಿದುಕೊಳ್ಳುವವರಿಲ್ಲ, ಸ್ಪ್ಯಾನರ್ ಜೊತೆ ಅದೂ ಸುತ್ತುತ್ತದೆ. ಆಮೇಲೆ ಆಲ್ಟರ್ನೇಟರಿನ ಕೆಳಗಿನ 14 ಎಂಎಂ ಪಿವಟ್ ಬೋಲ್ಟ್, ಮೇಲಿನ ಪಟ್ಟಿಯ 12 ಎಂಎಂ ಬೋಲ್ಟ್ ಸಡಿಲಿಸಿ ಆಲ್ಟರ್ನೇಟರನ್ನು ಎಂಜಿನ್ ಕಡೆಗೆ ತಳ್ಳಿದರೆ ಬೆಲ್ಟ್ ಕೈಗೆ ಬರುತ್ತದೆ. ಈ ಕಾರಿನಲ್ಲಿ ಹೊರಗಿರುವ ಎಸಿ ಬೆಲ್ಟನ್ನು ಮೊದಲು ತೆಗೆಯಬೇಕಾಯಿತು.

ಬೆಲ್ಟ್ ಇಲ್ಲದೆ ಎಂಜಿನ್ ಸ್ಟಾರ್ಟ್ ಮಾಡಿದರೆ ಸದ್ದಿಲ್ಲ. ಈ ಪರೀಕ್ಷೆ ಅರ್ಧ ನಿಮಿಷದೊಳಗೆ ಮುಗಿಯಬೇಕು, ಆ ಹೊತ್ತಿನಲ್ಲಿ ವಾಟರ್ ಪಂಪ್ ತಿರುಗುತ್ತಿರುವುದಿಲ್ಲ. ಬ್ಯಾಟರಿ ದೀಪ ಉರಿಯುವುದು ಸಹಜ. ಎಂಜಿನ್ನಿನ ಮುಚ್ಚಳದೊಳಗಿರುವ ಟೈಮಿಂಗ್ ಬೆಲ್ಟಿನಿಂದಲೇ ಪಂಪ್ ತಿರುಗುವ ಎಂಜಿನ್‌ಗಳೂ ಇವೆ. ಅವುಗಳಲ್ಲಿ ಹೊರಗಿನ ಬೆಲ್ಟ್ ತೆಗೆದರೂ ಪಂಪಿನ ಸದ್ದು ಹೋಗುವುದಿಲ್ಲ, ಕೆಲಸವೂ ಹತ್ತು ಪಟ್ಟು.

ಈಗ ಒಂದೊಂದೇ ಪುಲ್ಲಿಯನ್ನು ಕೈಯಲ್ಲಿ ತಿರುಗಿಸಿ, ಅಲುಗಾಡಿಸಿ ನೋಡುವುದು. ಆಲ್ಟರ್ನೇಟರ್ ನುಣ್ಣಗೆ ತಿರುಗಿತು, ಬೇರಿಂಗ್ ಚೆನ್ನಾಗಿತ್ತು. ವಾಟರ್ ಪಂಪಿನ ಪುಲ್ಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದರೆ ಕಟಕಟ ಎಂದು ಆಡಿತು. ಅಲ್ಲಿ ಕೂದಲೆಳೆಯಷ್ಟೂ ಆಟ ಇರಬಾರದು. ಪಂಪಿನ ಶಾಫ್ಟಿನ ಕೆಳಗೆ ಪೆನ್ಸಿಲ್ ತುದಿ ಹೋಗುವಷ್ಟು ಸಣ್ಣ ತೂತಿರುತ್ತದೆ. ಕನ್ನಡಿ ಹಿಡಿದು ಟಾರ್ಚ್ ಬಿಟ್ಟು ನೋಡಿದರೆ ಅದರ ಸುತ್ತ ಹಸಿರು ಮಿಶ್ರಿತ ಬಿಳಿ ಹಕ್ಕಳೆ. ಬೆಲ್ಟಿನ ಗೆರೆಗಳು ಮಿರಮಿರ ಹೊಳೆಯುತ್ತಿದ್ದವು, ಮುಟ್ಟಿದರೆ ಅಂಟು, ಮೂಸಿದರೆ ಸಿಹಿ ವಾಸನೆ. ಕೂಲಂಟ್.

ಆ ತೂತು ಇರುವುದೇ ಸೋರಲಿಕ್ಕೆ. ನೀರಿನ ಸೀಲು ಮತ್ತು ಬೇರಿಂಗಿನ ನಡುವೆ ಅದನ್ನು ಕೊರೆದಿರುತ್ತಾರೆ. ಸೀಲು ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗದೆ ಹೊರಗೆ ಹೋಗಲಿ, ನೋಡಿದವರಿಗೆ ಸುಳಿವೂ ಸಿಗಲಿ ಎಂದು. ಅದಕ್ಕೆ ಎಂ-ಸೀಲ್ ತುಂಬಿ ಸೋರುವುದನ್ನು ನಿಲ್ಲಿಸಿದೆವು ಎನ್ನುವವರಿದ್ದಾರೆ. ಅದು ಬೇರಿಂಗನ್ನು ನೀರಿನಲ್ಲಿ ಮುಳುಗಿಸುವ ಕೆಲಸ.

ಕಾರಿನಲ್ಲಿ ಆದದ್ದು ಹೀಗೆ. ಪಂಪ್ ಮೊದಲೇ ತುಸು ಜಿನುಗುತ್ತಿದ್ದಿರಬೇಕು. ಹನಿ ಬೆಲ್ಟಿಗೆ ತಾಗಿ ಅದು ಕಿರುಚಿತು. ಬೆಲ್ಟ್ ಬದಲಾಯಿತು, ಹೊಸದಕ್ಕೂ ಅದೇ ಹನಿ ತಾಗಿತು. ಕಿರುಚಿತೆಂದು ಬಿಗಿದರು. ಅತಿಯಾದ ಬಿಗಿ ಪಂಪಿನ ಶಾಫ್ಟನ್ನು ಒಂದೇ ಕಡೆಗೆ ಜಗ್ಗಿ ಬೇರಿಂಗ್ ಸವೆಸಿತು. ಶಾಫ್ಟ್ ಆಡತೊಡಗಿದ ಮೇಲೆ ಸೀಲು ಇನ್ನಷ್ಟು ಸೋರಿತು. ಬಿಗಿ ಮಾಡಿದಷ್ಟೂ ಸೋರಿಕೆ, ಸೋರಿದಷ್ಟೂ ಕಿರುಚಾಟ. ಐದಾರು ನಿಮಿಷಕ್ಕೆ ಸದ್ದು ನಿಲ್ಲುತ್ತಿದ್ದದ್ದು ಬೆಲ್ಟ್ ಬಿಸಿಯಾಗಿ ಒಣಗುತ್ತಿದ್ದುದರಿಂದ. ಸ್ಪ್ರೇ ಬಗ್ಗೆ ಹೇಳುವುದಾದರೆ, ಬೆಲ್ಟಿಗೆ ಸೋಪು, ಮೇಣ, ಕೊಬ್ಬರಿ ಎಣ್ಣೆ ಹಚ್ಚುವುದಕ್ಕೂ ಅದಕ್ಕೂ ಬಹಳ ವ್ಯತ್ಯಾಸ ನಮಗೆ ಕಂಡಿಲ್ಲ. ಎರಡು ದಿನ ಮೌನ, ಆಮೇಲೆ ಧೂಳು ಹಿಡಿದ ಜಿಗುಟು.

ಪಂಪ್ ಬದಲಿಸುವುದಕ್ಕೆ ಎಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ರೇಡಿಯೇಟರಿನ ಮುಚ್ಚಳ ತೆಗೆದು ಮುಖ ಸುಟ್ಟುಕೊಂಡವರು ಎಲ್ಲ ಊರಲ್ಲೂ ಸಿಗುತ್ತಾರೆ. ರೇಡಿಯೇಟರಿನ ಕೆಳಗಿನ ಹೋಸ್ ಬಿಚ್ಚಿ ಕೂಲಂಟನ್ನು ಅಗಲದ ಟ್ರೇಗೆ ಇಳಿಸಿ, ಪುಲ್ಲಿ ಕಳಚಿ, ಪಂಪಿನ ಬೋಲ್ಟ್ ತೆಗೆಯುವಾಗ ಯಾವುದು ಎಲ್ಲಿಯದು ಎಂದು ರಟ್ಟಿನ ಮೇಲೆ ಚುಚ್ಚಿಡಬೇಕು, ಉದ್ದ ಬೇರೆ ಬೇರೆ ಇರುತ್ತದೆ. ಬ್ಲಾಕಿನ ಮೇಲೆ ಉಳಿದ ಹಳೆಯ ಪ್ಯಾಕಿಂಗ್ ಕೆರೆಯುವುದರಲ್ಲಿ ಆತುರ ಬೇಡ. ಅಲ್ಯೂಮಿನಿಯಮ್ ಮೈ ಮೆತ್ತಗೆ, ಸ್ಕ್ರೂಡ್ರೈವರಿನಿಂದ ಗೀಚಿದರೆ ಆ ಗೀರಿನಲ್ಲೇ ನಾಳೆ ಸೋರುತ್ತದೆ. ಬ್ಲೇಡನ್ನು ಮಲಗಿಸಿ ಹಿಡಿದು ಸವರಿದಂತೆ ತೆಗೆಯಬೇಕು. ಹೊಸ ಪ್ಯಾಕಿಂಗ್ ಇಟ್ಟು ಬೋಲ್ಟ್‌ಗಳನ್ನು ಎದುರು ಬದುರಾಗಿ ಎರಡು ಸುತ್ತಿನಲ್ಲಿ ಬಿಗಿಯುವುದು. 10 ಎಂಎಂ ತಲೆಯ ಸಣ್ಣ ಬೋಲ್ಟಿಗೆ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಉದ್ದ ರಾಡು ಹಾಕಿ ಎಳೆದರೆ ತಲೆ ಕೈಗೆ ಬರುತ್ತದೆ.

ಪುಲ್ಲಿಗಳ ತೋಡುಗಳನ್ನು ಸೋಪಿನ ನೀರು, ಹಳೆಯ ಟೂತ್‌ಬ್ರಶ್ ಹಾಕಿ ತಿಕ್ಕಿ ಪೂರ್ತಿ ಒಣಗಿಸಿದ್ದಾಯಿತು. ಪೆಟ್ರೋಲ್ ಬೇಡ, ಉಪ್ಪುಕಾಗದವೂ ಬೇಡ. ಕೂಲಂಟ್ ಕುಡಿದ ಬೆಲ್ಟನ್ನು ತೊಳೆದು ಹಾಕಲು ಮಾಲೀಕರಿಗೆ ಆಸೆಯಿತ್ತು, ಎರಡು ತಿಂಗಳ ಬೆಲ್ಟ್ ತಾನೇ. ಗೆರೆ ಗಾಜಿನಂತಾದ ಮೇಲೆ ಅದು ಮರಳಿ ಹಿಡಿಯುವುದಿಲ್ಲ. ಬೆಲ್ಟಿನ ಬೆನ್ನ ಮೇಲಿನ 4ಪಿಕೆ ಎಂಬ ಗುರುತಿನಲ್ಲಿ ನಾಲ್ಕು ಎಂದರೆ ಗೆರೆಗಳ ಸಂಖ್ಯೆ, ಪಿಕೆ ಎಂಬುದು ಗೆರೆಯ ಅಳತೆ, ಮುಂದಿನ ಅಂಕಿ ಮಿಲಿಮೀಟರಿನಲ್ಲಿ ಉದ್ದ. ಅಂಗಡಿಯವರು ಕಾರಿನ ಹೆಸರು ಕೇಳಿ ಕೊಡುವುದಕ್ಕಿಂತ ಈ ಅಂಕಿ ನೋಡಿ ತರುವುದು ಲೇಸು. ಹಳೆಯ ಬೆಲ್ಟಿನಲ್ಲಿ ಬಿರುಕು ಕಾಣಲಿಲ್ಲವೆಂದು ಅದು ಚೆನ್ನಾಗಿದೆ ಎನ್ನುವಂತೆಯೂ ಇಲ್ಲ. ಈಗಿನ ಇಪಿಡಿಎಂ ರಬ್ಬರು ಬಿರಿಯುವುದು ಕಡಿಮೆ, ಟಯರಿನ ಹಾಗೆ ಸವೆಯುತ್ತದೆ.

ಬೆಲ್ಟ್ ಕೂರಿಸಿದ ಮೇಲೆ ನಾಲ್ಕೂ ಗೆರೆ ತೋಡಿನೊಳಗೆ ಇವೆಯೇ ಎಂದು ಪ್ರತಿ ಪುಲ್ಲಿಯಲ್ಲೂ ಬೆರಳಾಡಿಸಿ ನೋಡಬೇಕು. ಒಂದು ಗೆರೆ ಹೊರಗೆ ಜೋತಿರುವುದು ಬಹಳ ಸಲ ಕಾಣುವ ತಪ್ಪು. ಬಿಗಿ ಮಾಡಲು ಆಲ್ಟರ್ನೇಟರನ್ನು ಮೀಟುವಾಗ ರಾಡು ಮುಂದಿನ ದಪ್ಪ ಕಿವಿಗೆ ಆನಿಸಿರಲಿ, ಹಿಂದಿನ ಅಲ್ಯೂಮಿನಿಯಮ್ ಕವಚ ಒಡೆಯುತ್ತದೆ. ಉದ್ದದ ಭಾಗವನ್ನು ಎರಡು ಬೆರಳಲ್ಲಿ ಹಿಡಿದು ಕಾಲು ಸುತ್ತು ತಿರುಚಲು ಬಂದರೆ ಬಿಗಿ ಹದವಾಗಿದೆ. ತಾನಾಗಿ ಬಿಗಿಯುವ ಟೆನ್ಷನರ್ ಇರುವ ಕಾರುಗಳಲ್ಲಿ ಈ ರಗಳೆಯಿಲ್ಲ, ಅಲ್ಲಿ ಟೆನ್ಷನರಿನ ಸ್ಪ್ರಿಂಗ್ ಸೋತಿದ್ದರೆ ಅದನ್ನೇ ಬದಲಿಸಬೇಕು.

ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ ತುಂಬಿದೆವು. ಬೋರ್‌ವೆಲ್ ನೀರು ಹಾಕಿದರೆ ಒಳಗೆ ಸುಣ್ಣ ಕಟ್ಟುತ್ತದೆ. ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಮುಚ್ಚಳ ತೆಗೆದೇ ಎಂಜಿನ್ ಓಡಿಸಿ, ಗುಳ್ಳೆ ಬರುವುದು ನಿಲ್ಲುವವರೆಗೆ ಸ್ವಲ್ಪ ಸ್ವಲ್ಪವೇ ತುಂಬುತ್ತಾ ಹೋಗಬೇಕು. ಎಂಜಿನ್ ಬಿಸಿಯಾದ ಮೇಲೆ ನಿಲ್ಲಿಸಿ ಬೆಲ್ಟ್ ಮತ್ತೆ ಒತ್ತಿ ನೋಡಿದರೆ ತುಸು ಸಡಿಲ. ಹೊಸ ಬೆಲ್ಟ್ ತೋಡಿನಲ್ಲಿ ಕೂರುವಾಗ ಹೀಗಾಗುತ್ತದೆ, ಇನ್ನೊಮ್ಮೆ ಬಿಗಿದದ್ದಾಯಿತು. ಎಲ್ಲ ದೀಪ, ಬ್ಲೋವರ್ ಹಾಕಿ ಬ್ಯಾಟರಿಗೆ ಮೀಟರ್ ಹಿಡಿದಾಗ 14.1 ವೋಲ್ಟ್. ನೀರು ಚಿಮುಕಿಸಿದರೂ ಕಿರುಚಲಿಲ್ಲ.

ಇಳಿಸಿದ ಕೂಲಂಟನ್ನು ಚರಂಡಿಗೆ ಚೆಲ್ಲಬಾರದು. ಅದು ಸಿಹಿ, ವಿಷವೂ ಹೌದು. ನಾಯಿ ಬೆಕ್ಕು ನೆಕ್ಕಿದರೆ ಉಳಿಯುವುದು ಕಷ್ಟ. ಮುಚ್ಚಳವಿರುವ ಕ್ಯಾನಿಗೆ ತುಂಬಿ ಎತ್ತಿಟ್ಟು, ಮಾರನೇ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ರೇಡಿಯೇಟರಿನ ಮಟ್ಟ ನೋಡಿ ಕಡಿಮೆಯಾಗಿದ್ದರೆ ತುಂಬಬೇಕೆಂದೂ, 500 ಕಿ.ಮೀ. ಆದ ಮೇಲೆ ಬೆಲ್ಟಿನ ಬಿಗಿ ತೋರಿಸಲು ಬರಬೇಕೆಂದೂ ಹೇಳಿ ಕಾರು ಕಳಿಸಿದೆವು.