ಹಿಂದಿನ ಚಕ್ರ ಬಿಚ್ಚದೆ ಬೇಕಲಕ್ಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯಿಂದ ಬೇಕಲ ಕೋಟೆಗೆ ಇಲೆಕ್ಟ್ರಿಕ್ ಸೈಕಲಿನಲ್ಲಿ ಹೊರಡುವ ಯೋಚನೆ ಇದ್ದರೆ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ. ಹಿಂದಿನ ಚಕ್ರವನ್ನು ದಾರಿಯಲ್ಲಿ ಒಬ್ಬರೇ ಬಿಚ್ಚಿ ಮತ್ತೆ ಹಾಕಲು ನಿಮಗೆ ಬರುತ್ತದಾ? ನನಗೆ ಬರುತ್ತದೆ ಅಂತ ನಾನು ನಂಬಿದ್ದೆ. ಪೊಸಡಿಗುಂಪೆಯ ಬುಡದಲ್ಲಿ ಆ ನಂಬಿಕೆ ಕಳಚಿ ಬಿತ್ತು. ಹಾಗಾಗಿ ಟಯರನ್ನು ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬೇ ಇಲ್ಲದ್ದು, ಮಾಡಿಕೊಂಡು ಆಮೇಲೆ ಬೇಕಲಕ್ಕೆ ಹೊರಟೆ.

ಸಾವಿರ ಅಡಿ ಮೀರಿದ ಗುಡ್ಡ ಅದು. ಹತ್ತಿ ಇಳಿದು ಬರುವಾಗ ಹಿಂದಿನ ಟಯರು ಚಪ್ಪಟೆ. ನೋಡಿದರೆ ಉಗುರಿನಷ್ಟು ಉದ್ದದ ಒಂದು ಮುಳ್ಳು. ಸಾಮಾನ್ಯ ಸೈಕಲಾಗಿದ್ದರೆ ಹತ್ತು ನಿಮಿಷದ ಕೆಲಸ. ನನ್ನದರಲ್ಲಿ ಮೋಟಾರು ಹಿಂದಿನ ಚಕ್ರದ ನಡುವೆಯೇ ಕೂತಿದೆ. ಅದನ್ನು ಬಿಚ್ಚಲು 18ರ ಸ್ಪ್ಯಾನರ್ ಬೇಕು. ಚೌಕಟ್ಟಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಕತ್ತರಿಸಬೇಕು, ಮೋಟಾರಿನ ವಯರಿನ ಕನೆಕ್ಟರ್ ಎಳೆಯಬೇಕು. ಆಮೇಲೆ ವಾಷರ್‌ಗಳು, ಒಂದರ ಮೇಲೊಂದು, ಒಂದೊಂದಕ್ಕೂ ಒಂದೊಂದು ಜಾಗ. ನನ್ನ ಚೀಲದಲ್ಲಿ ಇದ್ದದ್ದು 15ರ ಸ್ಪ್ಯಾನರ್.

ಹತ್ತಿರದ ಮನೆಯ ಅಜ್ಜ ಒಬ್ಬರು ಕುಡಿಯಲು ನೀರು ಕೊಟ್ಟರು. ಸುರಂಗದ ನೀರು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತೆಗೆಯುವ ನಮ್ಮ ಕಡೆಯ ಸುರಂಗ, ಬಾಯಾರು ಕಡೆ ಈಗಲೂ ಎಷ್ಟೋ ಮನೆಗಳಲ್ಲಿ ಉಂಟು. ನೀರು ತಣ್ಣಗಿತ್ತು. ಸೈಕಲ್ ಮಾತ್ರ ಗೂಡ್ಸ್ ಆಟೋದಲ್ಲಿ ಮನೆಗೆ ಬಂತು.

ಆಮೇಲೆ ಒಬ್ಬ ಗೆಳೆಯ ನಕ್ಕುಬಿಟ್ಟ. ಪ್ಯಾಚ್ ಹಾಕಲು ಚಕ್ರ ಬಿಚ್ಚಲೇಬೇಕು ಅಂತ ಇಲ್ಲವಂತೆ. ಟಯರಿನ ಒಂದು ಬದಿಯನ್ನು ರಿಮ್ಮಿನಿಂದ ಎಬ್ಬಿಸಿ, ಟ್ಯೂಬನ್ನು ತೂತಾದ ಜಾಗದಲ್ಲಿ ಹೊರಗೆಳೆದು, ಅಲ್ಲೇ ಅಂಟಿಸಬಹುದು. ಟ್ಯೂಬ್ ಬದಲಿಸುವುದಿದ್ದರೆ ಮಾತ್ರ ಚಕ್ರ ಬಿಚ್ಚಬೇಕು. ಟ್ಯೂಬ್‌ಲೆಸ್ ಬೇಡ ಅನ್ನುವವರು ಇದಿಷ್ಟಾದರೂ ತಿಳಿದುಕೊಂಡಿರಿ. ನಾನು ಮಾತ್ರ ಆ ದಿನವೇ ತೀರ್ಮಾನಿಸಿದ್ದೆ, ಟ್ಯೂಬಿನ ಸಹವಾಸ ಸಾಕು.

ಆದರೆ ಎಲ್ಲ ಸೈಕಲಿಗೂ ಟ್ಯೂಬ್‌ಲೆಸ್ ಆಗುವುದಿಲ್ಲ. ಮೊದಲು ರಿಮ್ ನೋಡಿ. ಟಯರು ಟ್ಯೂಬು ತೆಗೆದು ಒಳಗಿನ ಪಟ್ಟಿ ಎತ್ತಿದಾಗ ಕಡ್ಡಿಗಳ ನಿಪ್ಪಲ್ ತಲೆಗಳು ಅಲ್ಲೇ ಉಬ್ಬಿ ನಿಂತಿದ್ದರೆ ಅದು ಒಂದೇ ಗೋಡೆಯ ರಿಮ್. ಅದನ್ನು ಟ್ಯೂಬ್‌ಲೆಸ್ ಮಾಡಲು ಹೋಗಬೇಡಿ. ಕಡಿಮೆ ಬೆಲೆಯ ಇಲೆಕ್ಟ್ರಿಕ್ ಸೈಕಲುಗಳಲ್ಲಿ ಇಂಥದ್ದೇ ಜಾಸ್ತಿ. ಎರಡು ಗೋಡೆಯ ರಿಮ್ ಆಗಿ, ಟಯರಿನ ಅಂಚು ಕೂರಲು ಎರಡೂ ಬದಿಯಲ್ಲಿ ಸಣ್ಣ ಮೆಟ್ಟಿಲಿನಂಥ ಜಾಗ ಇರಬೇಕು. ಅದಿಲ್ಲದೆ ಸುಮ್ನೆ ಟೇಪು ಸುತ್ತಿ ಹೊರಟರೆ ತಿರುವಿನಲ್ಲಿ ಟಯರು ಅಂಚು ಬಿಟ್ಟು ಗಾಳಿ ಕಕ್ಕಬಹುದು. ಮೋಟಾರು, ಬ್ಯಾಟರಿ ಸೇರಿ ನನ್ನ ಸೈಕಲ್ 24 ಕೆ.ಜಿ. ತೂಗುತ್ತದೆ. ಇಳಿಜಾರಿನಲ್ಲಿ ಅಂಥದ್ದು ಆದರೆ ತಮಾಷೆ ಅಲ್ಲ. ಟಯರು ಕೂಡ ಟ್ಯೂಬ್‌ಲೆಸ್‌ಗೆಂದೇ ಮಾಡಿದ್ದಾಗಿರಬೇಕು. ನನ್ನ ರಿಮ್ ಸರಿಯಿತ್ತು, ಟಯರು ಅಲ್ಲ. 27.5 ಇಂಚಿನ, 2.1 ಅಗಲದ ಜೋಡಿ ಟಯರಿಗೆ ಐದು ಸಾವಿರದ ಮೇಲೆ ಹೋಯಿತು. ಹೆಂಡತಿಗೆ ನಾಲ್ಕು ಅಂದೆ.

ಕೆಲಸದ ಮುಕ್ಕಾಲು ಪಾಲು ಟೇಪಿನದ್ದು. ನನ್ನ ರಿಮ್ಮಿನ ಒಳ ಅಗಲ 21 ಮಿ.ಮೀ., ಟೇಪು 25 ಮಿ.ಮೀ. ಎರಡರಿಂದ ನಾಲ್ಕು ಮಿ.ಮೀ. ಹೆಚ್ಚಿದ್ದರೆ ಅಂಚಿನವರೆಗೆ ಏರಿ ಕೂರುತ್ತದೆ. ರಿಮ್ಮನ್ನು ಸ್ಪಿರಿಟ್ಟಿನಲ್ಲಿ ಎರಡು ಸಲ ಒರೆಸಿ. ಬಟ್ಟೆ ಕಪ್ಪಾದರೆ ಇನ್ನೊಂದು ಸಲ. ವಾಲ್ವ್ ತೂತಿನಿಂದ ಒಂದು ಗೇಣು ದೂರದಲ್ಲಿ ಶುರು ಮಾಡಿ, ಟೇಪನ್ನು ಎಳೆದು ಹಿಡಿದು ಸುತ್ತಿ, ವಾಲ್ವ್ ದಾಟಿ ಇನ್ನೊಂದು ಗೇಣು ಹೋಗಿ ಕತ್ತರಿಸಿ. ಹೆಬ್ಬೆರಳಿನಿಂದ ನಡುವಿನಿಂದ ಅಂಚಿಗೆ ತಿಕ್ಕಿ. ಒಂದು ಗುಳ್ಳೆ ಉಳಿದರೂ ಗಾಳಿ ಅಲ್ಲಿಂದ ಕಡ್ಡಿಯ ತೂತಿಗೆ ನುಸುಳುತ್ತದೆ. ಮೊದಲ ಸಲ ನನಗೆ ಅದೇ ಆಯಿತು. ರಾತ್ರಿ ತುಂಬಿಸಿದ ಗಾಳಿ ಬೆಳಿಗ್ಗೆ ಇರಲಿಲ್ಲ. ಸೋಪಿನ ನೀರು ಸುರಿದಾಗ ನೊರೆ ಬಂದದ್ದು ಟಯರಿನಿಂದ ಅಲ್ಲ, ಕಡ್ಡಿಯ ಬುಡದಿಂದ. ಪೂರ್ತಿ ಕಿತ್ತು ಮತ್ತೆ ಸುತ್ತಿದೆ.

ವಾಲ್ವ್ ಬಗ್ಗೆ ಒಂದು ಮಾತು. ಮೋಟಾರು ಚಕ್ರದ ರಿಮ್ಮುಗಳಲ್ಲಿ ತೂತು ಸಾಮಾನ್ಯವಾಗಿ ಸ್ಕೂಟರು ವಾಲ್ವಿನ ಅಳತೆಯದ್ದು, ಅಂದರೆ ಶ್ರೇಡರ್. ಅಂಗಡಿಯವರು ಸಪೂರದ ಪ್ರೆಸ್ಟಾ ವಾಲ್ವ್ ಕೊಟ್ಟರೆ ಅದು ಆ ತೂತಿನಲ್ಲಿ ಅಲ್ಲಾಡುತ್ತದೆ. ಕೇಳಿ ಶ್ರೇಡರ್‌ನದ್ದೇ ತರಿಸಿಕೊಳ್ಳಿ. ಪೆಟ್ರೋಲ್ ಬಂಕಿನಲ್ಲೂ ಗಾಳಿ ಹಾಕಿಸಬಹುದು.

ಟಯರು ಕೂರಿಸಲು ಕೈಪಂಪು ಸಾಲಲಿಲ್ಲ. ಅರ್ಧ ಗಂಟೆ ಹೊಡೆದು ಭುಜ ನೋವು ಬಂದದ್ದೇ ಲಾಭ. ಪಂಚರ್ ಅಂಗಡಿಯ ಕಾಕನ ಹತ್ತಿರ ಹೊತ್ತುಕೊಂಡು ಹೋದೆ.

“ಎಂತ ಇದು, ಸೈಕಲಾ ಬೈಕಾ?”

“ಎರಡೂ ಅಲ್ಲ ಕಾಕಾ.”

“ಹಾಗಾದ್ರೆ ರೇಟು ಕೂಡ ನಡುವಿನದ್ದು.”

ಅಂಚಿಗೆ ಸೋಪಿನ ನೀರು ಹಚ್ಚಿದರು. ವಾಲ್ವಿನ ಒಳಗಿನ ಪಿನ್ ತೆಗೆದು ಕಂಪ್ರೆಸರ್ ಇಟ್ಟರು. ಠಪ್. ಎರಡು ಸೆಕೆಂಡು ಬಿಟ್ಟು ಮತ್ತೊಂದು ಠಪ್. ಎರಡೂ ಬದಿ ಕೂತಿತು. ಪಕ್ಕದ ಬೆಂಚಿನಲ್ಲಿ ಪೇಪರ್ ಓದುತ್ತಿದ್ದವರು ಎದ್ದು ನಿಂತರು. ನೀವು ಹೋದಾಗ ಟಯರಿನ ಬದಿಯಲ್ಲಿ ಬರೆದಿರುವ ಗರಿಷ್ಠ ಒತ್ತಡವನ್ನು ಅಂಗಡಿಯವರಿಗೆ ಮೊದಲೇ ತೋರಿಸಿ. ಲಾರಿಗೆ ಗಾಳಿ ಹಾಕಿ ರೂಢಿಯಾದ ಕೈ ಅದು.

ಕೂತ ಮೇಲೆ ಗಾಳಿ ಬಿಟ್ಟು, ವಾಲ್ವಿನ ತೂತಿನಿಂದಲೇ ಸೀಲೆಂಟ್, ಅಂದರೆ ತೂತನ್ನು ಒಳಗಿನಿಂದಲೇ ಮುಚ್ಚುವ ದ್ರವ, ಹಾಕಿದೆ. ಮುಂದೆ 100, ಹಿಂದೆ 120 ಮಿ.ಲೀ. 250ರ ಬಾಟಲಿ ಎರಡಕ್ಕೂ ಸಾಕಾಗುತ್ತದೆ. ಸೈಕಲಿಗೆ ಬರುವ ಲೇಟೆಕ್ಸ್ ಸೀಲೆಂಟೇ ಬೇಕು. ಸ್ಕೂಟರ್ ಟಯರಿನ ದಪ್ಪ ಜೆಲ್ ಹಾಕಬೇಡಿ. ಬ್ರೇಕಿನ ಡಿಸ್ಕಿಗೆ ಮೊದಲೇ ಬಟ್ಟೆ ಸುತ್ತಿ. ಒಂದು ಹನಿ ಬಿದ್ದರೂ ಬ್ರೇಕು ಹಿಡಿಯುವುದಿಲ್ಲ, ಕಿರುಚುತ್ತದೆ.

ಮೋಟಾರು ಚಕ್ರ ಬಿಚ್ಚುವ ಮೊದಲು ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. ಹಲ್ಲಿರುವ ವಾಷರ್ ಯಾವ ಕಡೆ ಮುಖ ಮಾಡಿತ್ತು ಅನ್ನುವುದು ಆಮೇಲೆ ನೆನಪಿರುವುದಿಲ್ಲ. ನಟ್ಟು ಸಡಿಲವಿದ್ದರೆ ಮೋಟಾರು ತಿರುಗುವ ರಭಸಕ್ಕೆ ಅಚ್ಚು ತಾನೇ ತಿರುಗಿ ವಯರು ತುಂಡಾಗಬಹುದು. ವಯರು ಅಚ್ಚಿನ ಹತ್ತಿರ ಸ್ವಲ್ಪ ಕೆಳಕ್ಕೆ ಇಳಿಬಿದ್ದಿರಲಿ. ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹೋಗುವುದಿಲ್ಲ.

ಇನ್ನು ದಾರಿ. ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಹೊರಟೆವು. ನನ್ನ ಜೊತೆ ಅಕ್ಕನ ಮಗ, ಅವನದ್ದು ಮಾಮೂಲಿ ಗೇರ್ ಸೈಕಲ್. ನೀರ್ಚಾಲು ದಾಟಿ ಸೀತಾಂಗೋಳಿವರೆಗೆ ಏರಿಳಿತ, ಅಡಿಕೆ ತೋಟದ ತಂಪು. ಅಲ್ಲಿಂದ ಅನಂತಪುರಕ್ಕೆ ಹೋದೆವು. ಕೆರೆಯ ನಡುವಿನ ದೇವಸ್ಥಾನ, ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಅನ್ನುವ ನಂಬಿಕೆ. ಆ ಕೆರೆಯಲ್ಲಿದ್ದ ಬಬಿಯಾ ಮೊಸಳೆ 2022ರ ಅಕ್ಟೋಬರಿನಲ್ಲಿ ತೀರಿಕೊಂಡಿತಲ್ವಾ, ಮರುವರ್ಷ ಇನ್ನೊಂದು ಮೊಸಳೆ ಕೆರೆಯಲ್ಲಿ ಕಾಣಿಸಿಕೊಂಡಿದೆ. ನಮಗೆ ದರ್ಶನ ಕೊಡಲಿಲ್ಲ. ಸುತ್ತಲಿನ ಮುರಕಲ್ಲಿನ ಬಯಲಿನಲ್ಲಿ ಒಂದು ಸುತ್ತು ಹೊಡೆದೆ. ಟ್ಯೂಬ್ ಇದ್ದಾಗ ಗಾಳಿಯ ಒತ್ತಡ 45 ಪಿಎಸ್‌ಐ ಇಡುತ್ತಿದ್ದೆ, ಈಗ ಹಿಂದೆ 34, ಮುಂದೆ 30. ಸಣ್ಣ ಜಲ್ಲಿಯ ಮೇಲೆ ಮೊದಲು ಜಾರುತ್ತಿದ್ದ ಚಕ್ರ ಈಗ ನೆಲ ಹಿಡಿಯುತ್ತದೆ. ಸೊಂಟಕ್ಕೂ ಅದರ ಪುಣ್ಯ ಗೊತ್ತಾಗುತ್ತದೆ. ನನ್ನ ತೂಕ 75 ಕೆ.ಜಿ., ನಿಮ್ಮ ತೂಕ ನೋಡಿಕೊಂಡು ಹೆಚ್ಚು ಕಡಿಮೆ ಮಾಡಿ.

ಸೀತಾಂಗೋಳಿಗೆ ಮರಳಿ ಉಳಿಯತ್ತಡ್ಕದ ದಾರಿ ಹಿಡಿದರೆ ಮಧೂರು ಹತ್ತಿರವೇ. ಬೆಳಿಗ್ಗೆ ಗಣಪತಿಗೆ ಕೈಮುಗಿದು ಪ್ರಸಾದದ ಅಪ್ಪ ಕಟ್ಟಿಸಿಕೊಂಡೆವು. ಅದು ದಾರಿಗೆ ಒಳ್ಳೆಯ ತಿಂಡಿ, ಯಾವ ಎನರ್ಜಿ ಬಾರೂ ಬೇಡ.

ಕಾಸರಗೋಡು ಪೇಟೆಯ ಸಮೀಪ ಮಾತ್ರ ಹುಷಾರು. ಹೊಸ ಆರು ಪಥದ ಹೆದ್ದಾರಿಗೆ ಸೈಕಲ್ ಹತ್ತಿಸುವ ಧೈರ್ಯ ಬೇಡ, ಬದಿಯ ಸರ್ವಿಸ್ ರಸ್ತೆಯಲ್ಲೇ ಹೋಗಿ. ಅಲ್ಲಿಯೂ ಅಂಚಿಗೆ ಜಾಸ್ತಿ ಸರಿಯಬೇಡಿ. ಕಬ್ಬಿಣ ಕಟ್ಟುವ ತಂತಿಯ ತುಂಡುಗಳು, ಒಡೆದ ಲಾರಿ ಟಯರಿನ ಸಪೂರ ಉಕ್ಕಿನ ಎಳೆಗಳು ಎಲ್ಲ ಗುಡಿಸಿದ ಹಾಗೆ ಅಂಚಿಗೇ ಬಂದು ಸೇರಿರುತ್ತವೆ. ನಾನು ಬಸ್ಸಿಗೆ ದಾರಿ ಬಿಡಲು ಅಂಚಿಗೆ ಸರಿದೆ.

ಪ್ರೆಸ್ ಕ್ಲಬ್ ಜಂಕ್ಷನ್ನಿನಿಂದ ಚಂದ್ರಗಿರಿ ರಸ್ತೆ ಹಿಡಿದು ಸೇತುವೆಗೆ ಬರುವಾಗ ಹಿಂದಿನಿಂದ ಸ್ಸ್, ಸ್ಸ್ ಅಂತ ಸದ್ದು. ಚಕ್ರದ ಒಂದು ಸುತ್ತಿಗೆ ಒಂದು ಸಲ. ಕಾಲಿಗೆ ಏನೋ ತಣ್ಣಗೆ ಸಿಡಿಯಿತು. ನೋಡಿದರೆ ಮೀನಖಂಡದ ಮೇಲೆ ಹಾಲಿನಂಥ ಬಿಳಿ ಚುಕ್ಕೆಗಳು. ಸೇತುವೆ ದಾಟಿ ಬದಿಗೆ ನಿಲ್ಲಿಸಿದೆ. ಬೆರಳುದ್ದದ ತಂತಿಯೊಂದು ನಟ್ಟ ನಡುವೆ ಚುಚ್ಚಿ ಬಾಗಿತ್ತು. ಕಿತ್ತೆ. ತೂತು ಕೆಳಗೆ ಬರುವಂತೆ ಚಕ್ರ ತಿರುಗಿಸಿ ನಿಲ್ಲಿಸಿದೆ, ಸೀಲೆಂಟ್ ಅಲ್ಲಿಗೆ ಇಳಿಯಲಿ ಅಂತ. ಬಿಳಿ ನೊರೆ ಬಂತು, ಗುಳ್ಳೆ ಒಡೆಯಿತು, ಮತ್ತೆ ಬಂತು. ಮುಳ್ಳಿನ ತೂತಾಗಿದ್ದರೆ ಅಷ್ಟರಲ್ಲಿ ಮುಚ್ಚುತ್ತಿತ್ತು. ಇದು ದೊಡ್ಡದು. ತೂತಿಗೆ ತುರುಕುವ ಸೈಕಲಿನ ಸಪೂರ ರಬ್ಬರ್ ಸ್ಟ್ರಿಪ್ಪನ್ನು ಸೂಜಿಗೆ ಪೋಣಿಸಿ ಒತ್ತಿ, ಸರಕ್ಕನೆ ಎಳೆದೆ. ಬಾಲ ಹೊರಗೆ ಉಳಿಯಿತು. ಸದ್ದು ನಿಂತಿತು. ಪಂಪಿನಲ್ಲಿ ಎಪ್ಪತ್ತು ಎಂಬತ್ತು ಸಲ ಹೊಡೆದೆ.

“ಅಷ್ಟೇಯಾ ಮಾವ? ನಾನು ಅಪ್ಪ ತಿಂದು ಮುಗಿಸಿಲ್ಲ ಇನ್ನೂ.”

ಚಕ್ರ ಬಿಚ್ಚಿಲ್ಲ, ನಟ್ಟು ಮುಟ್ಟಿಲ್ಲ. ಕಾರಿಗೆ ಹಾಕುವ ಸ್ಟ್ರಿಪ್ ಕಿಟ್ ಅಗ್ಗ ಅಂತ ಅದನ್ನು ಕೊಂಡುಹೋಗಬೇಡಿ. ಅದರ ಅರದಂಥ ಸೂಜಿ ಸೈಕಲ್ ಟಯರಿನ ಸಣ್ಣ ತೂತನ್ನು ಇನ್ನಷ್ಟು ದೊಡ್ಡದು ಮಾಡುತ್ತದೆ.

ಚಂದ್ರಗಿರಿ ಹೊಳೆ ದಾಟಿದರೆ ತುಳುನಾಡು ಮುಗಿಯಿತು ಅನ್ನುತ್ತಾರೆ ಹಿರಿಯರು. ಮೇಲ್ಪರಂಬ, ಕಳನಾಡು, ಉದುಮ ಆಗಿ ಬೇಕಲದವರೆಗೆ ರಸ್ತೆ ಒಳ್ಳೆಯದು, ಹೆದ್ದಾರಿಯ ಗಲಾಟೆ ಇಲ್ಲ. ಕೋಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಮ್ಮ ಕೆಳದಿಯ ಶಿವಪ್ಪ ನಾಯಕ 1650ರ ಹೊತ್ತಿಗೆ ಕಟ್ಟಿಸಿದ್ದು, ಎಲ್ಲರೂ ಶಾಲೆಯಿಂದ ಹೋದವರೇ. ಹನ್ನೊಂದರ ಮೇಲೆ ಒಳಗೆ ನೆರಳಿಲ್ಲ ಅನ್ನುವುದು ನೆನಪಿರಲಿ.

ಸುತ್ತಿ ಬಳಸಿ ಅಲ್ಲಿಗೆ 45 ಕಿ.ಮೀ. ಹತ್ತಿರ. ನನ್ನ ಬ್ಯಾಟರಿ 36 ವೋಲ್ಟ್, 10.4 ಆಂಪಿಯರ್ ಅವರ್. ನಾನೂ ಪೆಡಲ್ ತುಳಿದು, ಏರಿನಲ್ಲಿ ಮಾತ್ರ ಮೋಟಾರು ಹೆಚ್ಚಿಸಿ ಬಂದಿದ್ದರಿಂದ ಕಾಲು ಭಾಗ ಉಳಿದಿತ್ತು. ಬರೀ ಮೋಟಾರಿನಲ್ಲಿ ಬಂದರೆ ಉದುಮಕ್ಕೂ ಮುಟ್ಟುವುದಿಲ್ಲ. ಹೋಟೆಲಿನಲ್ಲಿ ಊಟಕ್ಕೆ ಮೊದಲೇ ಕೇಳಿ ಚಾರ್ಜಿಗೆ ಹಾಕಿದೆ. 2 ಆಂಪಿಯರಿನ ಚಾರ್ಜರ್, ಎರಡು ಗಂಟೆಗೆ ನೂರಕ್ಕೆ ನಲವತ್ತರಷ್ಟು ಏರುತ್ತದೆ. ಚೆರ್ಕಳದ ಮೇಲೆ ಮರಳುವ ಮೂವತ್ತು ಚಿಲ್ಲರೆ ಕಿ.ಮೀ.ಗೆ ಅದು ಧಾರಾಳ. ಲೈಸೆನ್ಸ್ ಬೇಕಾ ಅಂತ ಕೇಳುವವರಿದ್ದಾರೆ. ಮೋಟಾರು 250 ವಾಟ್ ಒಳಗೆ, ವೇಗ ಗಂಟೆಗೆ 25 ಕಿ.ಮೀ. ಒಳಗೆ ಇದ್ದರೆ ಬೇಡ.

ಚೀಲದಲ್ಲಿ ಸ್ಟ್ರಿಪ್, ಪಂಪು, 18ರ ಸ್ಪ್ಯಾನರ್, ನಾಲ್ಕು ಪ್ಲಾಸ್ಟಿಕ್ ಪಟ್ಟಿ, ಒಂದು ಟ್ಯೂಬು ಇರಲಿ. ಟಯರಿನ ಬದಿ ಹರಿದರೆ ಸೀಲೆಂಟೂ ಇಲ್ಲ, ಸ್ಟ್ರಿಪ್ಪೂ ಇಲ್ಲ, ಟ್ಯೂಬೇ ಗತಿ. ಮಳೆಗಾಲದಲ್ಲಿ ಈ ಪ್ರವಾಸ ಬೇಡ, ನೀರು ತುಂಬಿದ ಹೊಂಡದ ಆಳ ಯಾರಿಗೂ ಗೊತ್ತಿರುವುದಿಲ್ಲ.

ನಮ್ಮ ಸೆಕೆಗೆ ಸೀಲೆಂಟ್ ಬೇಗ ಒಣಗುತ್ತದೆ. ಮೂರು ತಿಂಗಳಿಗೊಮ್ಮೆ ನೋಡಬೇಕು. ಹಾಕಿದ ತಾರೀಕನ್ನು ರಿಮ್ಮಿನ ಮೇಲೆ ಮಾರ್ಕರಿನಲ್ಲಿ ಬರೆದಿದ್ದೇನೆ. ನಿನ್ನೆ ಚಕ್ರ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದೆ. ಮುಂದಿನದ್ದರಲ್ಲಿ ಇನ್ನೂ ಗುಳುಗುಳು ಅನ್ನುತ್ತಿದೆ. ಹಿಂದಿನದ್ದರಲ್ಲಿ ಸದ್ದಿಲ್ಲ. ಇವತ್ತು ಸಂಜೆ 60 ಮಿ.ಲೀ. ಹಾಕಬೇಕು.