ಹೊತ್ತು ಬರಬೇಕಾ, ವರ್ಷ ಬರಬೇಕಾ?

ಮಗನ ಎಸ್ಸೆಸ್ಸೆಲ್ಸಿಯ ಕೊನೆಯ ಪೇಪರ್ ಮುಗಿದ ದಿನ, ನಾನು ಆಫೀಸಿನಿಂದ ಬಂದು ಶೂ ಬಿಚ್ಚುವುದಕ್ಕೂ ಬಿಡದೆ, "ಅಪ್ಪಾ, ಕಾರ್ ಇಳಿಸು" ಅಂತ ಸ್ಟೂಲು ಹಿಡಿದು ನಿಂತಿದ್ದ. ಸಂಕ್ರಾಂತಿಯ ಮಾರನೇ ದಿನ ಅವನ ರಿಮೋಟ್ ಕಾರನ್ನು ಅಟ್ಟಕ್ಕೆ ಹಾಕಿದವನು ನಾನೇ. ಪರೀಕ್ಷೆ ಮುಗಿದ ಸಂಜೆಯೇ ಓಡಿಸಬಹುದು, ಒಂದು ನಿಮಿಷವೂ ಕಾಯಬೇಕಿಲ್ಲ ಅಂತ ಮಾತು ಕೊಟ್ಟಿದ್ದೆ. ಮಾತಿಗೆ ತಪ್ಪಬಾರದೆಂದು ಬ್ಯಾಟರಿಯನ್ನು ಅವತ್ತೇ ಕಂಠಮಟ್ಟ ಚಾರ್ಜ್ ಮಾಡಿ, ಹಳೇ ಬಿಸ್ಕತ್ ಡಬ್ಬಿಯಲ್ಲಿಟ್ಟು, ಕಾರಿನ ಪಕ್ಕದಲ್ಲೇ ಇಟ್ಟಿದ್ದೆ. ಅಟ್ಟದ ಮೇಲೆ ಇರುವುದು ಬರೀ ಶೀಟು. ಫೆಬ್ರವರಿ, ಮಾರ್ಚ್, ಎರಡು ತಿಂಗಳ ಬಿಸಿಲು ಅದರ ಮೇಲೆ ಬಿದ್ದಿದೆ.

ಡಬ್ಬಿ ತೆಗೆದರೆ ಬ್ಯಾಟರಿ ಪೂರಿಯಾಗಿತ್ತು. ಸೋಪಿನ ಬಿಲ್ಲೆಯಂತೆ ಚಪ್ಪಟೆಯಾಗಿದ್ದದ್ದು ಎರಡೂ ಕಡೆ ಉಬ್ಬಿ, ಮೇಲಿನ ನೀಲಿ ಹೊದಿಕೆ ಬಿಗಿದು ಹರಿಯುವಂತಿತ್ತು. ವಾಸನೆ ಬಂದಿರಲಿಲ್ಲ, ಸದ್ಯ. ನೇಲ್ ಪಾಲಿಶ್‌ನಂಥ ಸಿಹಿ ವಾಸನೆ ಬಂದರೆ ಒಳಗಿನ ದ್ರವ ಹೊರಗೆ ಬಂದಿದೆ ಅಂತ ಅರ್ಥ.

"ಪರೀಕ್ಷೆ ಬರೆದವನು ಅವನು, ಫೇಲಾಗಿದ್ದು ನಿಮ್ಮ ಬ್ಯಾಟರಿ ಅಲ್ವೇನ್ರೀ" ಅಂದಳು ಹೆಂಡತಿ.

ಉಬ್ಬಿದ ಲೈಪೊ (ಲಿಥಿಯಂ ಪಾಲಿಮರ್) ಬ್ಯಾಟರಿಯನ್ನು ಮನೆಯೊಳಗೆ ಇಟ್ಟುಕೊಳ್ಳಬಾರದು ಅನ್ನುವಷ್ಟು ನನಗೆ ಗೊತ್ತಿತ್ತು. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಅಲ್ಲಿಂದ ನಾಲ್ಕು ಬೊಗಸೆ ಒಣ ಮರಳು ತಂದೆ. ಪಾತ್ರೆಗೆ ಹುಡುಕಾಡಿದಾಗ ಕೈಗೆ ಸಿಕ್ಕಿದ್ದು ಅಮ್ಮನ ಮಜ್ಜಿಗೆ ಮಡಕೆ. ಅದರಲ್ಲಿ ಮರಳು, ಮರಳಿನ ಮೇಲೆ ಬ್ಯಾಟರಿ, ಮಡಕೆ ತಾರಸಿಯ ಮೂಲೆಯಲ್ಲಿ. ಅಮ್ಮ ದೇವಸ್ಥಾನಕ್ಕೆ ಹೋಗಿದ್ದು ಒಳ್ಳೆಯದಾಯಿತು.

ಮಾರನೇ ದಿನ ಶನಿವಾರ. ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನಿನ ಬೀದಿ ಎಸ್.ಪಿ. ರೋಡ್ ಭಾನುವಾರ ಬಹುಪಾಲು ಬಾಗಿಲು ಹಾಕಿರುತ್ತದೆ, ಹೋಗುವುದಾದರೆ ಅವತ್ತೇ ಹೋಗಬೇಕು. ಊದಿದ ಬ್ಯಾಟರಿಯನ್ನು ಮೆಟ್ರೊದಲ್ಲಿ ಹೊತ್ತೊಯ್ಯುವ ಧೈರ್ಯ ನನಗಿರಲಿಲ್ಲ. ಮೊಬೈಲಿನಲ್ಲಿ ಅದರ ಫೋಟೊ, ಮಗನ ಜಾಮೆಟ್ರಿ ಬಾಕ್ಸಿನ ಸ್ಕೇಲಿನಲ್ಲಿ ಅಳೆದ ಕಾರಿನ ಬ್ಯಾಟರಿ ಗೂಡಿನ ಅಳತೆ, ಹೆಂಡತಿ ಕೇಕಿಗೆ ಮೈದಾ ತೂಗುವ ಪುಟ್ಟ ತಕ್ಕಡಿ, ಇಷ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು. ತಕ್ಕಡಿ ಯಾಕೆ ಅಂತ ಮಗ ಕೇಳಿದ. ಲೆಕ್ಕಪತ್ರ ವಿಭಾಗದಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಬಿಲ್ಲಿನ ಮೇಲಿನ ಸಂಖ್ಯೆಯನ್ನು ಹಾಗೇ ನಂಬಿ ಅಭ್ಯಾಸವಿಲ್ಲ, ಅಷ್ಟೆ.

ರಾಜಾಜಿನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ, ಚಿಕ್ಕಪೇಟೆಯಲ್ಲಿ ಇಳಿದು, ಅವೆನ್ಯೂ ರಸ್ತೆ ದಾಟಿ ನಗರ್ತಪೇಟೆಯ ಗಲ್ಲಿಗಳಲ್ಲಿ ನುಸುಳಿದರೆ ಸಾದರ್ ಪತ್ರಪ್ಪ ರಸ್ತೆ. ಪೂರ್ತಿ ಹೆಸರನ್ನು ಈಗ ಬೋರ್ಡುಗಳಷ್ಟೇ ಹೇಳುತ್ತವೆ. ನಾನು ಡಿಪ್ಲೊಮಾ ಓದುವಾಗ ರೆಸಿಸ್ಟರುಗಳನ್ನು ಹಿಡಿ ಲೆಕ್ಕದಲ್ಲಿ ಕೊಳ್ಳುತ್ತಿದ್ದ ರಸ್ತೆ ಅದು. ಈಗಲೂ ತಲೆಯ ಮೇಲೆ ವೈರುಗಳು, ಕಾಲ ಕೆಳಗೆ ರಟ್ಟಿನ ಡಬ್ಬಗಳು, ನಡುವೆ ಹಾರ್ನ್ ಹೊಡೆಯುವ ಸ್ಕೂಟರುಗಳು.

ಮೊದಲ ಅಂಗಡಿಯಲ್ಲಿ "ಲಾಂಗ್ ಲೈಫ್ ಬ್ಯಾಟರಿ ಬೇಕು" ಅಂದೆ. ಹುಡುಗ ಥಟ್ಟನೆ ಒಂದನ್ನು ಕೌಂಟರಿನ ಮೇಲಿಟ್ಟ. 7.4 ವೋಲ್ಟ್, 6200 ಎಂಎಎಚ್, 100 ಸಿ. ಬೆಲೆ 1,400 ರೂಪಾಯಿ. ಮಗನ ಕಣ್ಣು ಅರಳಿತು. ನಾನು ತಕ್ಕಡಿ ತೆಗೆದೆ. 176 ಗ್ರಾಂ.

ಲೆಕ್ಕ ಸಣ್ಣದು. 6200 ಎಂಎಎಚ್ (ಮಿಲಿ ಆಂಪಿಯರ್ ಅವರ್) ಅಂದರೆ 6.2 ಆಂಪಿಯರ್ ಅವರ್, ಬ್ಯಾಟರಿ ಹಿಡಿಯುವ ಚಾರ್ಜಿನ ಅಳತೆ. 7.4 ವೋಲ್ಟನ್ನು 6.2 ಆಂಪಿಯರ್ ಅವರ್‌ನಿಂದ ಗುಣಿಸಿದರೆ ಸುಮಾರು 46 ವಾಟ್ ಅವರ್. ಅಷ್ಟು ಶಕ್ತಿ ತುಂಬಿದ ಲೈಪೊ, ಮೇಲಿನ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ ಸೇರಿ, 300 ಗ್ರಾಂ ಆಸುಪಾಸು ತೂಗಬೇಕು. 176 ಗ್ರಾಂನಲ್ಲಿ ಅದು ಕೂರುವುದಿಲ್ಲ. ಸ್ಟಿಕರಿನಲ್ಲಿ ಏನು ಬೇಕಾದರೂ ಅಚ್ಚು ಹಾಕಿಸಬಹುದು, ತೂಕ ಅಚ್ಚು ಹಾಕಿಸಲು ಆಗುವುದಿಲ್ಲ. ಇನ್ನು ಆ 100 ಸಿ. ಬ್ಯಾಟರಿಯ ಸಾಮರ್ಥ್ಯಕ್ಕೆ ಎಷ್ಟು ಪಟ್ಟು ಕರೆಂಟನ್ನು ಒಮ್ಮೆಲೇ ಕೊಡಬಲ್ಲದು ಅನ್ನುವುದು 'ಸಿ'. 6.2 ಆಂಪಿಯರ್ ಅವರ್‌ಗೆ 100 ಸಿ ಅಂದರೆ 620 ಆಂಪಿಯರ್! ಅದಕ್ಕೆ ಹಾಕಿದ್ದ ತಂತಿ ನನ್ನ ಕಿರುಬೆರಳಿನ ಅರ್ಧ ದಪ್ಪವೂ ಇರಲಿಲ್ಲ. ಹುಡುಗ ತಕ್ಕಡಿಯನ್ನೂ ನನ್ನನ್ನೂ ನೋಡಿ, "ಸಾರ್, ಇದೇನು ಬೆಳ್ಳಿನಾ?" ಅಂದ. ಪಕ್ಕದ ಟ್ರೇಯಲ್ಲಿ 9900 ಎಂಎಎಚ್ ಅಂತ ಬರೆದ ಟಾರ್ಚ್ ಸೆಲ್ಲುಗಳೂ ಇದ್ದವು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ 18650 ಸೆಲ್ಲಿನ ಮೇಲೆ 4000 ದಾಟಿದ ಸಂಖ್ಯೆ ಕಂಡರೆ ಕೈಮುಗಿದು ಮುಂದೆ ಹೋಗುವುದೇ ಸರಿ. ನಾವೂ ಹೋದೆವು.

ಇನ್ನೆರಡು ಅಂಗಡಿ ಅಲೆದ ಮೇಲೆ ಒಬ್ಬರು, "ಮೇಲೆ ಹೋಗಿ, ಎರಡನೇ ಫ್ಲೋರು, ಡ್ರೋನ್ ರಿಪೇರಿ ಮಾಡ್ತಾರೆ, ಅವರ ಹತ್ರ ಅಸಲಿ ಮಾಲಿದೆ" ಅಂದರು. ಮೆಟ್ಟಿಲು ಎಷ್ಟು ಕಿರಿದು ಅಂದರೆ ಕೆಳಗಿಳಿಯುವವರು ನಿಂತು ದಾರಿ ಬಿಡಬೇಕು. ಮೇಲೆ ಒಂದು ಸಣ್ಣ ಕೋಣೆ, ಸೋಲ್ಡರ್ ಹೊಗೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಕೂತ ಅರವತ್ತರ ಆಸುಪಾಸಿನ ಯಜಮಾನರು. ನನ್ನ ಲಾಂಗ್ ಲೈಫ್ ಬೇಡಿಕೆಯನ್ನು ಅವರು ಸೋಲ್ಡರಿಂಗ್ ನಿಲ್ಲಿಸದೆಯೇ ಕೇಳಿಸಿಕೊಂಡರು.

"ಹೊತ್ತು ಬರಬೇಕಾ, ವರ್ಷ ಬರಬೇಕಾ?"

ಒಂದು ಚಾರ್ಜಿಗೆ ಹೆಚ್ಚು ಹೊತ್ತು ಓಡಬೇಕಾ, ಬ್ಯಾಟರಿಯೇ ಹೆಚ್ಚು ವರ್ಷ ಬಾಳಬೇಕಾ ಅಂತ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಗ "ಹೊತ್ತು" ಅಂದ, ಅದೇ ಕ್ಷಣಕ್ಕೆ ನಾನು "ವರ್ಷ" ಅಂದೆ. ಅವರು ನಕ್ಕು ಐರನ್ ಕೆಳಗಿಟ್ಟರು.

ಫೋಟೊ ತೋರಿಸಿದೆ. ಎಲ್ಲಿಟ್ಟಿದ್ರಿ, ಎಷ್ಟು ದಿನ, ಎಷ್ಟು ಚಾರ್ಜಿನಲ್ಲಿ ಅಂತ ಡಾಕ್ಟರ ಹಾಗೆ ಒಂದೊಂದಾಗಿ ಕೇಳಿದರು. ಹೇಳಿದೆ. "ಅಂದ್ರೆ ಇದು ಓಡಿ ಸತ್ತಿಲ್ಲ, ಮಲಗಿ ಸತ್ತಿದೆ" ಅಂದರು. ಲೈಪೊದ ಒಂದೊಂದು ಸೆಲ್ಲೂ ತುಂಬಿದಾಗ 4.2 ವೋಲ್ಟ್. ಆ ಒತ್ತಡದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಒಳಗಿನ ಎಲೆಕ್ಟ್ರೊಲೈಟ್ ನಿಧಾನವಾಗಿ ಒಡೆದು ಗ್ಯಾಸ್ ಆಗುತ್ತದೆ, ಸೆಕೆ ಇದ್ದರೆ ಇನ್ನೂ ಬೇಗ. ಎತ್ತಿಡುವುದಾದರೆ ಸೆಲ್ಲಿಗೆ 3.8, ಹೆಚ್ಚೆಂದರೆ 3.85 ವೋಲ್ಟಿನಲ್ಲಿ ಇಡಬೇಕು. "ಅರ್ಧ ಹೊಟ್ಟೇಲಿ ಮಲಗಿಸ್ಬೇಕು ಸಾರ್."

ನನ್ನ ತಪ್ಪಿನ ಬೇರು ಎಲ್ಲಿತ್ತು ಅಂತ ಆಗ ಗೊತ್ತಾಯಿತು. ಮನೆಯ ಇನ್ವರ್ಟರ್ ಬ್ಯಾಟರಿ, ಸ್ಕೂಟರಿನ ಬ್ಯಾಟರಿ, ಇವೆಲ್ಲ ಸೀಸ ಮತ್ತು ಆಸಿಡ್ಡಿನವು. ಖಾಲಿ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಹಾಳಾಗುತ್ತವೆ, ಯಾವಾಗಲೂ ತುಂಬಿಯೇ ಇರಬೇಕು. ನಮ್ಮಪ್ಪ ಹಾಗೇ ಕಲಿಸಿದ್ದರು. ಆ ಪಾಠವನ್ನು ತಂದು ಈ ಬ್ಯಾಟರಿಗೆ ಹಚ್ಚಿದ್ದೆ. ಚಾರ್ಜರಿನಲ್ಲಿ 'ಸ್ಟೋರೇಜ್' ಅಂತ ಒಂದು ಮೆನು ಇದೆ, ನಾಲ್ಕು ವರ್ಷದಿಂದ ದಿನವೂ ಕಣ್ಣಿಗೆ ಬೀಳುತ್ತಿದೆ, ಒಮ್ಮೆಯೂ ಒತ್ತಿರಲಿಲ್ಲ.

"ನೀವು ಮರೆಯೋ ಪೈಕಿನಾ?" ಅಂತ ಕೇಳಿದರು. ಮಗ ನನ್ನ ಪರವಾಗಿ ತಲೆಯಾಡಿಸಿದ.

"ಹಾಗಾದ್ರೆ ನಿಕಲ್ ತಗೊಂಡ್ಬಿಡಿ."

ಕಾರಿನ ಜೊತೆ ಮೊದಲು ಬಂದಿದ್ದದ್ದು ಅದೇ, ನಿಕಲ್ ಮೆಟಲ್ ಹೈಡ್ರೈಡ್. 1.2 ವೋಲ್ಟಿನ ಆರು ಸೆಲ್ಲು, ಒಟ್ಟು 7.2. ಅಷ್ಟೇ ಶಕ್ತಿಗೆ ಲೈಪೊಗಿಂತ ಭಾರ, ಇಟ್ಟಲ್ಲೇ ಸೋರುತ್ತದೆ, ಓಡುತ್ತ ಓಡುತ್ತ ಕಾರಿನ ಗತ್ತು ಇಳಿಯುತ್ತ ಬರುತ್ತದೆ. ಆದರೆ ಮರೆತರೂ ಬೆಂಕಿಯ ಭಯ ಕಡಿಮೆ, ಸಣ್ಣಪುಟ್ಟ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ವರ್ಷವೇ ಮುಖ್ಯ ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಕೂಡ ಇದೆ, ಈಗ ಎಲೆಕ್ಟ್ರಿಕ್ ಆಟೊಗಳಲ್ಲಿ ಬರುವಂಥದ್ದು. ಸಾವಿರ ಸಲ ಚಾರ್ಜ್ ಮಾಡಿದರೂ ಜಗ್ಗುವುದಿಲ್ಲ. ಆದರೆ ಸೆಲ್ಲಿಗೆ 3.2 ವೋಲ್ಟೇ, ಎರಡು ಸೇರಿ 6.4. "ವೇಗ ಇಳಿಯತ್ತೆ. ಹುಡುಗ ಒಪ್ಪಲ್ಲ" ಅಂದರು. ಹುಡುಗ ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಒಪ್ಪಲಿಲ್ಲ. ಬ್ಯಾಟರಿಗಿಂತ ನಾನೇ ಸ್ವಲ್ಪ ಬದಲಾಗುತ್ತೇನೆ ಅನ್ನುವ ಹುಂಬ ಧೈರ್ಯ.

ಲೈಪೊ ಅಂತಾದ ಮೇಲೆ ಅವರು ಕೇಳಿದ್ದು ಕಾರಿನ ಮೋಟರು ಯಾವುದು ಅಂತ. 540 ಬ್ರಶ್ ಮೋಟರು, ನಿಜವಾದ ಗಾಡಿಯ ಹತ್ತನೇ ಒಂದು ಅಳತೆಯ ಟ್ರಕ್ಕು. "ಅದು ಹುಲ್ಲಲ್ಲಿ ಏದುಸಿರು ಬಿಟ್ರೂ ಇಪ್ಪತ್ತು ಆಂಪಿಯರ್ ಆಚೀಚೆ. 5000 ಎಂಎಎಚ್‌ಗೆ ನಿಜವಾದ 30 ಸಿ ಇದ್ರೆ 150 ಆಂಪಿಯರ್ ಆಯ್ತಲ್ಲ. ಇನ್ನೂ ಎಷ್ಟು ಬೇಕು?" ಸಿ ಸಂಖ್ಯೆಗೆ ಕೊಡುವ ದುಡ್ಡನ್ನು ಗಟ್ಟಿ ಪೆಟ್ಟಿಗೆಗೆ ಕೊಡಿ ಅಂದರು. ನಮ್ಮ ಹಳೆಯದು ರಿಮೋಟ್ ವಿಮಾನಕ್ಕೆ ಮಾಡಿದ ಮೆತ್ತನೆ ಹೊದಿಕೆಯದು, ನೂರಾರು ರೂಪಾಯಿ ಉಳಿಯಿತೆಂದು ನಾನೇ ಹಿಗ್ಗಿ ತಂದದ್ದು. ಜಲ್ಲಿಕಲ್ಲಿನ ಮೇಲೆ ಉರುಳುವ ಕಾರಿಗೆ ಅದು ತಕ್ಕದ್ದಲ್ಲ. ನಮ್ಮ ಗೂಡಿನ ಅಳತೆಗೆ 138 ಮಿಲಿಮೀಟರ್ ಉದ್ದ, 46 ಅಗಲ, 25 ಎತ್ತರದ ಸಾಮಾನ್ಯ ಪೆಟ್ಟಿಗೆ ಸರಿಯಾಗಿ ಕೂರುತ್ತಿತ್ತು.

ಒಂದೇ ಕಂಪನಿಯ ಎರಡು ಬ್ಯಾಟರಿ ತೆಗೆದರು. ಎರಡೂ 5000. ತೂಗಿದೆ: 268, 271. ನನ್ನ ತಕ್ಕಡಿ ಅವರಿಗೆ ಇಷ್ಟವಾಯಿತು. ಆಮೇಲೆ ತಮ್ಮ ಚಾರ್ಜರಿಗೆ ಸಿಕ್ಕಿಸಿ ಒಳಗಿನ ರೆಸಿಸ್ಟೆನ್ಸ್ ನೋಡಿದರು. ಮೊದಲನೆಯದರ ಎರಡು ಸೆಲ್ಲಿಗೆ 3 ಮತ್ತು 4 ಮಿಲಿಓಮ್. ಎರಡನೆಯದರಲ್ಲಿ 4 ಮತ್ತು 11. ಎರಡನೆಯದನ್ನು ಮಾತಾಡದೆ ಪಕ್ಕಕ್ಕೆ ಸರಿಸಿದರು.

"ಊರಲ್ಲಿ ಎತ್ತು ಕೊಳ್ಳೋವಾಗ ಬಾಯಿ ಬಿಡಿಸಿ ಹಲ್ಲು ನೋಡ್ತಾರಲ್ಲ, ಇದು ಹಾಗೇನೆ. ಜೋಡೀಲಿ ಒಂದು ಮುದಿ ಆದ್ರೆ ಇನ್ನೊಂದೇ ಗಾಡಿ ಎಳೀಬೇಕು. ಎರಡೂ ಬೇಗ ಹೋಗ್ತವೆ."

ಆ ಎರಡನೆಯದು ಆಮೇಲೆ ಯಾರ ಪಾಲಾಯಿತೋ ಅಂತ ದಾರಿಯುದ್ದಕ್ಕೂ ಯೋಚಿಸಿದೆ. ಕೇಳುವಷ್ಟು ಸಲುಗೆ ಇರಲಿಲ್ಲ.

3,200 ರೂಪಾಯಿ. ರಿಮೋಟಿಗೆ ಬೇಗ ಸೋರದ ಜಾತಿಯ ನಾಲ್ಕು ರೀಚಾರ್ಜ್ ಪೆನ್ಸಿಲ್ ಸೆಲ್ಲು ಬೇರೆ. ಇವು ವರ್ಷ ಬಿಟ್ಟು ತೆಗೆದರೂ ಬಹುಪಾಲು ಚಾರ್ಜು ಉಳಿಸಿಕೊಂಡಿರುತ್ತವೆ. ಸ್ಯಾನ್ಯೊ 2005ರಲ್ಲಿ ಎನೆಲೂಪ್ ಹೆಸರಲ್ಲಿ ತಂದ ಮೇಲೆ ಈ ಜಾತಿ ಎಲ್ಲ ಕಡೆ ಹರಡಿತು. ಹೊರಡುವಾಗ ಮಡಕೆಯಲ್ಲಿ ಕೂತಿರುವ ಹಳೆಯದರ ಗತಿ ಕೇಳಿದೆ. ಚಾರ್ಜ್ ಉಳಿದಿರುವಾಗ ಕಸಕ್ಕೆ ಹಾಕಬೇಡಿ, ಬಯಲಲ್ಲಿಟ್ಟು ಸ್ಕೂಟರಿನ ಇಂಡಿಕೇಟರ್ ಬಲ್ಬ್ ಸಿಕ್ಕಿಸಿ ನಿಧಾನಕ್ಕೆ ಖಾಲಿ ಮಾಡಿ, ಆಮೇಲೆ ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಿ ಅಂದರು. ಒಂದು ಹಳೇ ಬಲ್ಬನ್ನು ಡ್ರಾಯರಿನಿಂದ ತೆಗೆದು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ.

ಆಟೊದಲ್ಲಿ ಮನೆಗೆ ಬಂದು ಊಟ ಮಾಡಿ, 5 ಆಂಪಿಯರಿನಲ್ಲಿ ಚಾರ್ಜಿಗೆ ಹಾಕಿದೆ. ಮುಗಿಯುವವರೆಗೂ ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದೆ. ಐದು ಗಂಟೆಗೆ ರಸ್ತೆಯ ಕೊನೆಯ ಖಾಲಿ ಸೈಟು. ಮಗ ಲಗಾಮು ಬಿಟ್ಟ ಕುದುರೆಯ ಹಾಗೆ ಓಡಿಸಿದ. ಬೀದಿ ನಾಯಿ ಎರಡು ಸುತ್ತು ಬೆನ್ನಟ್ಟಿ, ಉಸಿರು ಹೋಗಿ ಮಲಗಿತು. ಬ್ಯಾಟರಿ ಪೂರ್ತಿ ಬರಿದಾಗುವ ಮೊದಲೇ ನಿಲ್ಲಿಸಲೆಂದು ಇಟ್ಟಿದ್ದ ಮೊಬೈಲಿನ ಅಲಾರಂ ಇಪ್ಪತ್ತನೇ ನಿಮಿಷಕ್ಕೆ ಹೊಡೆಯಿತು.

"ಇನ್ನೊಂದೇ ರೌಂಡ್ ಅಪ್ಪಾ. ಇನ್ನೂ ಜೋರಾಗೇ ಹೋಗ್ತಿದೆ."

"ಅದಕ್ಕೇ ನಿಲ್ಲಿಸ್ಬೇಕು ಕಣೋ."

ಮುಖ ಊದಿಸಿಕೊಂಡ. ನೋಡಿದರೆ ಸೆಲ್ಲಿಗೆ 3.7 ಉಳಿದಿತ್ತು. ಅವನು ಹೇಳಿದ್ದೂ ಸುಳ್ಳಲ್ಲ, ಇನ್ನು ಎರಡು ನಿಮಿಷ ಬಿಡಬಹುದಿತ್ತೇನೋ. ಮನೆಗೆ ಬಂದು ಸ್ಟೋರೇಜ್ ಒತ್ತಿದೆ. ಕಾಲು ಗಂಟೆಗೆ 3.84ಕ್ಕೆ ಬಂದು ಪೀಂ ಅಂತು.

ಕತ್ತಲಾದ ಮೇಲೆ ತಾರಸಿಗೆ ಹೋಗಿ ಹಳೇ ಬ್ಯಾಟರಿಗೆ ಬಲ್ಬ್ ಸಿಕ್ಕಿಸಿದೆ. ಒಂದಿಷ್ಟು ಹಳದಿ ಬೆಳಕು. ಅಮ್ಮ ಬೆಳಗ್ಗೆ ಹಾಕಿದ್ದ ಸಂಡಿಗೆಯನ್ನು ಎತ್ತಿಡಲು ಬಂದವರು, ಸೀರೆ ಹಾಸಿದ್ದ ಕಡೆ ಬೆಳಕು ಬಿದ್ದದ್ದು ನೋಡಿ, ಅದರಲ್ಲೇ ಒಂದೊಂದಾಗಿ ಬಿಡಿಸಿ ಮೊರಕ್ಕೆ ಹಾಕತೊಡಗಿದರು. ಮಗ ಪಕ್ಕದಲ್ಲಿ ಕೂತು ಹಸಿ ಸಂಡಿಗೆ ಕದ್ದು ತಿನ್ನುತ್ತಿದ್ದ. ಒಂದು ಗಂಟೆಯಾಯಿತು, ಒಂದೂವರೆಯಾಯಿತು.

"ಕೆಟ್ಟೋಗಿದೆ ಅಂದ್ಯಲ್ಲೋ" ಅಂದರು ಅಮ್ಮ. "ಹೊಸದು ಇಪ್ಪತ್ತು ನಿಮಿಷ ಓಡ್ತು ಅಂತ ಇವನು ಕುಣೀತಾನೆ. ಇದು ಆಗ್ಲಿಂದ ಉರೀತಿದೆ."

ನಾನು ಆಂಪಿಯರಿನ ಲೆಕ್ಕ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಕಣ್ಣು ಬೆಳಕಿನ ಬುಡದಲ್ಲಿದ್ದ ಮಡಕೆಯ ಮೇಲೆ ಬಿತ್ತು.