ಪೊಲೀಸ್ ಗಾಡಿಯ ಡಿಸೈನನ್ನು ರಾತ್ರಿ ನೋಡಿ ಓಕೆ ಮಾಡಿ

ಬೆಂಗಳೂರಿನ ಜೆ.ಸಿ. ರೋಡ್ ಕಡೆ ಗಾಡಿಗಳಿಗೆ ಸ್ಟಿಕರ್ ಅಂಟಿಸುವುದು ನನ್ನ ಕೆಲಸ. ಕ್ಯಾಬ್, ಸ್ಕೂಲ್ ವ್ಯಾನ್, ಆಂಬುಲೆನ್ಸ್, ಆಗೀಗ ಪೊಲೀಸ್ ಗಾಡಿ. ಮಿಕ್ಕವರಿಗೆಲ್ಲ ಲೋಗೋ ಚೆನ್ನಾಗಿ ಕಂಡರೆ ಸಾಕು. ಪೊಲೀಸ್ ಗಾಡಿಯ ಲೆಕ್ಕವೇ ಬೇರೆ. ಅದನ್ನು ನಿಂತು ಓದುವವರು ಯಾರಿದ್ದಾರೆ? ಕತ್ತಲಲ್ಲಿ, ಮಳೆಯಲ್ಲಿ, ದೂರದಿಂದ ಒಂದು ಕ್ಷಣ ನೋಡಿ ಗುರುತು ಹಿಡಿಯಬೇಕು.

ಮೊದಲು ಜೀಪಿಗೆ ಬಣ್ಣ ಹೊಡೆದು, ಬ್ರಷ್‌ನಲ್ಲಿ ಅಕ್ಷರ ಬರೆಯುತ್ತಿದ್ದರು. ಡಿಸೈನ್ ಬದಲಾಯಿಸಬೇಕು ಅಂದರೆ ಮತ್ತೆ ಪೇಂಟ್ ಶೆಡ್ಡಿಗೇ ಹೋಗಬೇಕಿತ್ತು. ಈಗ ಶೋರೂಮಿನಿಂದ ಬಂದ ಬಿಳಿ ಗಾಡಿಗೆ ಸ್ಟಿಕರ್ ಹಾಕಿದರೆ ಆಯಿತು. ಪೊಲೀಸ್ ಗಾಡಿಗಳ ವೇಷ ಇಷ್ಟು ಬೇಗ ಬದಲಾಗುವುದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ. 2017ರಲ್ಲಿ ಬೆಂಗಳೂರಿನಲ್ಲಿ ಹೆಂಗಸರ ಸುರಕ್ಷತೆಗೆ ಅಂತ ಪಿಂಕ್ ಹೊಯ್ಸಳ ಅನ್ನುವ ಗಸ್ತು ಗಾಡಿ ಬಂತು. ಸಹಾಯವಾಣಿ 100 ಇದ್ದದ್ದು 112 ಆಯಿತು. ಅಂಥ ಬದಲಾವಣೆಗೆ ಹಳೆ ನಂಬರ್ ಕಿತ್ತು ಹೊಸದು ಅಂಟಿಸಿದರೆ ಮುಗೀತು. ಜರ್ಮನಿಯವರು ಇನ್ನೂ ಲೆಕ್ಕಾಚಾರದವರು. ಹಸಿರು-ಬಿಳಿ ಗಾಡಿ ಬಿಟ್ಟು, ಬೆಳ್ಳಿ ಬಣ್ಣದ ಗಾಡಿಗೆ ನೀಲಿ ಫಿಲ್ಮ್ ಹಾಕಿದರು. ಫಿಲ್ಮ್ ಕಿತ್ತರೆ ಮಾರುವಾಗ ಒಳ್ಳೆ ರೇಟು ಸಿಗುತ್ತದೆ ಅನ್ನುವುದೂ ಅದಕ್ಕೊಂದು ಕಾರಣ.

ಇನ್ನು ನಾವು ರೇಡಿಯಂ ಅನ್ನುವ ಹೊಳೆಯುವ ಶೀಟಿನ ವಿಷಯ. ಅದರೊಳಗೆ ಸಣ್ಣ ಗಾಜಿನ ಮಣಿಗಳೋ ಪ್ರಿಸಂಗಳೋ ಇರುತ್ತವೆ. ಹೆಡ್‌ಲೈಟ್ ಬೆಳಕು ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಒಮ್ಮೆ ಹಳದಿ ರೇಡಿಯಂ ಪಟ್ಟಿಯ ಮೇಲೆ ಬೆಳ್ಳಿ ರೇಡಿಯಂ ಅಕ್ಷರ ಬೇಕು ಅಂತ ಒಂದು ಡಿಸೈನ್ ಬಂತು. ಕಂಪ್ಯೂಟರ್‌ನಲ್ಲಿ ಭರ್ಜರಿಯಾಗಿತ್ತು. ಕಟ್ ಮಾಡುವ ಮೊದಲು ಒಂದು ತುಂಡು ಮಾಡಿಸಿ, ಬೇಸ್‌ಮೆಂಟ್‌ನಲ್ಲಿ ಲೈಟ್ ಆರಿಸಿ, ದೂರದಿಂದ ಬೈಕಿನ ಹೆಡ್‌ಲೈಟ್ ಬಿಟ್ಟೆವು. "ಅಣ್ಣಾ, ಅಕ್ಷರ ಎಲ್ಲಿ ಹೋಯ್ತು?" ಅಂದ ನಮ್ಮ ಹುಡುಗ. ಎರಡೂ ಒಟ್ಟಿಗೆ ಹೊಳೆದು ಬರೀ ಬೆಳಕಿನ ಪಟ್ಟಿ ಕಾಣುತ್ತಿತ್ತು! ಅಕ್ಷರವನ್ನು ಹೊಳೆಯದ ಕಪ್ಪಿನಲ್ಲಿ ಹಾಕಿದ ಮೇಲೆ ಅಷ್ಟೇ ದೂರದಿಂದ ಸಲೀಸಾಗಿ ಓದಲು ಬಂತು. ಡಿಸೈನ್ ಕೊಟ್ಟ ಪಾರ್ಟಿಯನ್ನು ಅಲ್ಲಿಗೇ ಕರೆದು ತೋರಿಸಿದೆ. ವಾದ ಮಾಡುವ ಅಗತ್ಯವೇ ಬೀಳಲಿಲ್ಲ.

ಸಣ್ಣ ಸಣ್ಣ ಚೌಕಗಳ ಆಸೆಯೂ ತುಂಬಾ ಜನಕ್ಕೆ. ಹತ್ತಿರದಿಂದ ಚೆಂದ, ದೂರದಿಂದ ಎಲ್ಲ ಕಲಸಿಕೊಳ್ಳುತ್ತದೆ. ಬ್ರಿಟನ್‌ನಲ್ಲಿ ಬಿಳಿ ಕಾರಿನ ನಡುವೆ ಕೆಂಪು ಪಟ್ಟಿ ಇದ್ದ ಕಾಲ ಹೋಗಿ, 1990ರ ದಶಕದಲ್ಲಿ ಬ್ಯಾಟನ್‌ಬರ್ಗ್ ಅನ್ನುವ ಮಾದರಿ ಬಂತು. ಹಳದಿ, ನೀಲಿಯ ದೊಡ್ಡ ದೊಡ್ಡ ಚೌಕ. ಹಗಲಿಗೆ ಎರಡು ಬಣ್ಣದ ವ್ಯತ್ಯಾಸ, ರಾತ್ರಿಗೆ ಹೊಳಪು. ನೋಡಲು ಸುಂದರ ಅಂತ ನಾನಂತೂ ಹೇಳಲ್ಲ. ಆದರೆ ಕಣ್ಣು ತಪ್ಪಿಸಲು ಆಗಲ್ಲ, ಬೇಕಾದ್ದೂ ಅದೇ ಅಲ್ವಾ?

ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಎರಡು ಮಾತು. ಬಾಗಿಲ ಸಂದಿಯ ಮೇಲೆ ಅಕ್ಷರ ಬರದಂತೆ ಮೊದಲೇ ಅಳತೆ ಹಿಡಿಯಿರಿ. ಹ್ಯಾಂಡಲ್ ಸುತ್ತ ಹೀಟ್ ಗನ್ ಹಿಡಿದು ಅಂಚನ್ನು ಚೆನ್ನಾಗಿ ಒತ್ತಿ. ನಮ್ಮೂರಿನ ಧೂಳು ಒಮ್ಮೆ ಒಳಗೆ ಸೇರಿದರೆ ಸ್ಟಿಕರ್ ಅಲ್ಲಿಂದಲೇ ಎದ್ದು ಬರುತ್ತದೆ.

ಕೀಳುವ ಕೆಲಸಕ್ಕೂ ಕೊಟೇಶನ್‌ನಲ್ಲಿ ದುಡ್ಡು ಸೇರಿಸಿ, ಸುಮ್ನೆ ಒಪ್ಪಿಕೊಳ್ಳಬೇಡಿ. ವರ್ಷಗಟ್ಟಲೆ ಬಿಸಿಲಲ್ಲಿ ಓಡಾಡಿದ ಗಾಡಿಯಲ್ಲಿ ಸ್ಟಿಕರ್ ಕೆಳಗಿನ ಬಣ್ಣ ಮಾತ್ರ ಹೊಸದಾಗೇ ಇರುತ್ತದೆ. ಹಾಗಾಗಿ ಸ್ಟಿಕರ್ ಹೋದರೂ "ಪೊಲೀಸ್" ಅಂತ ಓದಬಹುದು. ರಬ್ಬಿಂಗ್ ಮಾಡಿ ಪಾಲಿಶ್ ಹೊಡೆದರೆ ಬಹಳಷ್ಟು ಹೋಗುತ್ತದೆ. ಹೋಗದಿದ್ದರೆ ಆ ಬಾಗಿಲಿಗೆ ಪೇಂಟೇ ಗತಿ.